ಗಾಜಿನ ಭರಣಿಯ ಗೌಡಸಾನಿಗೆ ಕುಬಸ

ನನ್ನ ಕಿರುಬೆರಳಿಗಿಂತ ಗಿಡ್ಡ. ಬಣ್ಣ ಹುಣಸೆಹಣ್ಣು ಹಚ್ಚಿ ತಿಕ್ಕದೆ ಬಿಟ್ಟ ಹಿತ್ತಾಳೆ ಚೊಂಬಿನದು. ಬಾಲವೆಂದರೆ ದರ್ಜಿ ರವಿಕೆ ಹೊಲಿದು ನೆಲಕ್ಕೆ ಎಸೆದ ಬಟ್ಟೆಯ ಚೂರು. ಸಾರು ಮಾಡೋಣವೆಂದರೆ ಹಲ್ಲಿನ ಸಂದಿಗೂ ಸಾಲದು. ಇಂಥದ್ದೊಂದು ಮೀನನ್ನು ನನ್ನ ಅಳಿಯ ಯಾದಗಿರಿಯಿಂದ ಸುರಪುರದವರೆಗೆ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ. ಸ್ವಂತ ಮಗಳನ್ನು ಅಷ್ಟು ಜೋಪಾನವಾಗಿ ಯಾವತ್ತೂ ಹಿಡಿದವನಲ್ಲ.

"ಇದಕ್ಕ ಬೆಟ್ಟಾ ಅಂತಾರ್ರಿ ಅತ್ತಿ. ಇದು ಹೆಣ್ಣು. ಗಂಡು ಬೆಟ್ಟಾ ಭಾಳ ಜಗಳಗಂಟ. ಹೆಣ್ಣು ಶಾಂತ ಇರ್ತದಂತ," ಎಂದ.

"ಯಾರು ಹೇಳ್ಯಾರ?"

"ಅಂಗಡಿಯಾಂವ."

"ಅವಂದು ಮದಿವಿ ಆಗ್ಯಾದೇನು?"

ನನ್ನ ಗಂಡ ಕೆಮ್ಮುವ ನೆಪ ಮಾಡಿ ಹೊರಗೆ ಹೋದ. ಅಳಿಯ ಭರಣಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟ. ಅವನ ಹಿಂದೆಯೇ ನನ್ನ ಮೊಮ್ಮಗಳು ತನ್ನ ನೀಲಿ ಬ್ಯಾಗನ್ನು ಎದೆಗೆ ಅವುಚಿಕೊಂಡು ಬಂದು ನಿಂತಳು. ಒಂಬತ್ತು ವರ್ಷದ ಹುಡುಗಿ. ನಿಂತ ರೀತಿ ಮಾತ್ರ ವರ್ಗ ಆಗಿ ಬಂದ ಕಾರಕೂನನದು.

ಸಂಗತಿ ಇಷ್ಟು. ನನ್ನ ಮಗಳಿಗೆ ಶಿಕ್ಷಕಿ ಕೆಲಸ ಸಿಕ್ಕಿತು. ಶಾಲೆ ಗುರುಮಠಕಲ್ಲಿನ ಆಚೆ. ಬೆಳಕು ಹರಿಯುವ ಮೊದಲು ಬಸ್ಸು ಹತ್ತಬೇಕು, ಬರುವುದು ದೀಪ ಹಚ್ಚುವ ಹೊತ್ತಿಗೆ. ಅಳಿಯನದು ಯಾದಗಿರಿಯ ಕಚೇರಿಯಲ್ಲಿ ಗುಮಾಸ್ತಿಕೆ. ಹುಡುಗಿಯನ್ನು ನೋಡುವವರು ಯಾರು? ಅಳಿಯ ಕಲಬುರಗಿಯ ಒಂದು ಹಾಸ್ಟೆಲಿನ ಅರ್ಜಿಯನ್ನೇ ತಂದು ಇಟ್ಟಿದ್ದ. ನಾನು ಹೋಗಿ ಜಗಳ ತೆಗೆದೆ. "ನಾ ಸತ್ತೀನೇನು? ಗೋಡಿ ಮ್ಯಾಲ ನನ್ನ ಫೋಟೊ ತೂಗಬಿಟ್ಟೀರೇನು?" ಎಂದೆ. ಕೊನೆಗೆ ಒಪ್ಪಂದ ಆಯಿತು. ಬೇಸಿಗೆ ರಜೆಯ ಒಂದು ತಿಂಗಳು ಹುಡುಗಿ ನಮ್ಮ ಮನೆಯಲ್ಲಿ ಇರಲಿ. ಮನಸ್ಸು ಹತ್ತಿದರೆ ಇಲ್ಲಿಯೇ ಶಾಲೆಗೆ ಹೆಸರು ಹಚ್ಚುವುದು, ಹತ್ತದಿದ್ದರೆ ಹಾಸ್ಟೆಲು. ತೀರ್ಮಾನ ಅವಳದೇ. ಮೀನು ಅವಳು ಕೇಳಿದ ಲಂಚ.

ನನಗೆ ಆ ತಿಂಗಳು ಹೇಗಿತ್ತೆಂದರೆ, ಬೆಳಿಗ್ಗೆ ಎದ್ದ ಕೂಡಲೇ ನಾನು ನೋಡುತ್ತಿದ್ದದ್ದು ದೇವರ ಮುಖವಲ್ಲ, ಆ ನೀಲಿ ಬ್ಯಾಗು. ಹುಡುಗಿ ಅದರಿಂದ ಒಂದು ಜೊತೆ ಬಟ್ಟೆ ತೆಗೆಯುವಳು, ಒಗೆದು ಒಣಗಿದ್ದನ್ನು ಮಡಚಿ ಮತ್ತೆ ಅದರಲ್ಲಿಯೇ ಇಡುವಳು, ಜಿಪ್ಪು ಎಳೆಯುವಳು. ಅವಳಿಗಾಗಿ ಕಪಾಟಿನಲ್ಲಿ ಒಂದು ಅರೆ ಖಾಲಿ ಮಾಡಿ, ಪೇಪರು ಹಾಸಿ ಇಟ್ಟಿದ್ದೆ. ಅದರಲ್ಲಿ ಒಂದು ಕರವಸ್ತ್ರ ಸಹ ಇಡಲಿಲ್ಲ. ಊಟಕ್ಕೆ ಕರೆದರೆ ಬರುವಳು, ಕೇಳಿದರೆ "ಹ್ಞೂಂ" ಅನ್ನುವಳು. ಮಾತೆಲ್ಲ ಆ ಮೀನಿನ ಜೊತೆಗೆ.

ಮೀನಿನದೋ, ಏನು ಹೇಳಲಿ ಅದರ ದಿಮಾಕು! ನಾನು ಅವಳಿಗೆ ಗೌಡಸಾನಿ ಎಂದು ಹೆಸರಿಟ್ಟೆ. ವಾಡೆಯ ಕಟ್ಟೆಯ ಮೇಲೆ ಕುಳಿತು ಹಾದು ಹೋಗುವವರನ್ನೆಲ್ಲ ಕಣ್ಣಲ್ಲೇ ಅಳೆಯುವ ಗೌಡನ ಹೆಂಡತಿಯ ಹಾಗೆ ಅವಳು ಗಾಜಿನ ಒಳಗಿಂದ ನಮ್ಮನ್ನು ಅಳೆಯುತ್ತಿದ್ದಳು. ಹುಡುಗಿ ಬಂದರೆ ಸೊಂಟ ಕುಣಿಸುತ್ತ ಬರುವಳು. ನನ್ನ ಗಂಡ ಬಂದರೆ ಬೆನ್ನು ತಿರುಗಿಸುವಳು. ಅದೊಂದು ವಿಷಯದಲ್ಲಿ ನಾನು ಅವಳ ಕಡೆಗೆ. ನೀರು ಬದಲಿಸಿದ ದಿನ ಸಿಟ್ಟು ಬಂದು ಮೈಮೇಲೆ ಕಪ್ಪು ಗೆರೆ ತಂದುಕೊಂಡು, ತಳದಲ್ಲಿ ಸತ್ತವಳ ಹಾಗೆ ಮಲಗುವಳು. ಮೊದಲ ಸಲ ಹೀಗೆ ಮಾಡಿದಾಗ ನಾನು ಗಾಬರಿಯಾಗಿ ಭರಣಿ ಬಡಿದೆ. ಎದ್ದು ಒಂದು ಸುತ್ತು ಹಾಕಿ, 'ಏನು?' ಅನ್ನುವಂತೆ ನೋಡಿ, ಮತ್ತೆ ಹೋಗಿ ಮಲಗಿದಳು. ಮೀನಾಗಿ ಹುಟ್ಟಿ ಉಸಿರಿಗೆ ನೀರು ಸಾಲದೆ, ಗಳಿಗೆಗೊಮ್ಮೆ ಮೇಲೆ ಬಂದು ಗಾಳಿ ಗುಟುಕರಿಸುವ ಇಂಥ ಪ್ರಾಣಿಯನ್ನು ನಾನು ಎಲ್ಲಿಯೂ ಕಂಡಿಲ್ಲ. ಕೃಷ್ಣಾ ಹೊಳೆಯ ಮೀನು ತಿಂದು ಬೆಳೆದವಳು ನಾನು. ಇವಳನ್ನು ಆ ಹೊಳೆಗೆ ಬಿಟ್ಟರೆ ಮೊದಲ ಸುಳಿಯಲ್ಲಿಯೇ ಸೆರಗು ಜಾರಿ ಬೀಳುವಳು.

ಒಂದು ದಿನ ತಿಕ್ಕಿ ತೊಳೆದ ಸ್ಟೀಲಿನ ಚರಿಗೆಯನ್ನು ಭರಣಿಯ ಪಕ್ಕ ಬೋರಲು ಹಾಕಿದ್ದೆ. ಅದರ ಹೊಳಪಿನಲ್ಲಿ ತನ್ನದೇ ಮುಖ ಕಂಡು ಗೌಡಸಾನಿ ಕಿವಿರು ಅಗಲಿಸಿ, ಮೈ ಸೆಟೆಸಿ ಜಗಳಕ್ಕೆ ನಿಂತಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿದು ಮುಗಿಸಿದರೂ ಇವಳ ಜಗಳ ಮುಗಿದಿರಲಿಲ್ಲ.

"ನೋಡು ಇಕಿನ್ನ! ಓಣ್ಯಾಗ ಯಾರೂ ಸಿಗಲಿಲ್ಲಂತ ತನ್ನ ಮಾರಿ ಜೋಡಿನ ಬಡದಾಡಾಕತ್ತಾಳ. ಏ ಗೌಡಸಾನಿ, ಗೆದ್ದೇನು? ನೆಳ್ಳಿನ ಜುಟ್ಟು ಹಿಡದೇನು?" ಎಂದೆ.

ಹಿಂದೆ ಕಿಸಕ್ಕೆಂದು ಸದ್ದಾಯಿತು. ತಿರುಗಿ ನೋಡಿದರೆ ಮೊಮ್ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾಳೆ. ಬಂದು ಎಂಟು ದಿನಕ್ಕೆ ಮೊದಲ ನಗು. ನನ್ನ ಎದೆಯಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹರಿದಂತಾಯಿತು. ಆ ಹೊತ್ತಿನಿಂದ ಆ ಮೀನನ್ನು ಬೈಯುವುದೇ ನನ್ನ ಉದ್ಯೋಗ. ಬೈಯಲು ಕಷ್ಟವೂ ಇರಲಿಲ್ಲ. ಬೈಗುಳಕ್ಕೆ ತಕ್ಕ ನಡತೆಯೇ ಅವಳದಿತ್ತು.

"ಪಾಪ, ಒಬ್ಬಾಕಿನ ಇದ್ದಾಳ, ಬ್ಯಾಸರ ಆಗ್ತದ," ಎಂದು ನನ್ನ ಗಂಡ ಹೊಲದ ಬಾವಿಯಿಂದ ಎರಡು ಸಣ್ಣ ಮೀನು ತಂದು ಅವಳ ಜೊತೆ ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಅವುಗಳ ಬಾಲ ಇಲಿ ಕಡಿದ ಸೀರೆಯಂತಾಗಿತ್ತು. ಆತ ಬಿಸಿಲಲ್ಲಿ ಅವನ್ನು ಮತ್ತೆ ಚರಿಗೆಯಲ್ಲಿ ಹಾಕಿಕೊಂಡು ಬಾವಿಗೆ ಹೊರಟ.

"ಮುತ್ಯಾ, ಅಕಿಗಿ ಯಾರೂ ಬೇಕಿಲ್ಲ," ಎಂದಳು ಹುಡುಗಿ.

"ನನಗೂ ನಲವತ್ತು ವರ್ಸದ ಹಿಂದನ ಹಿಂಗ ಅನ್ನಿಸಿತ್ತವ್ವಾ, ಯಾರೂ ಕೇಳಲಿಲ್ಲ," ಎಂದು ಆತ ನನ್ನತ್ತ ನೋಡದೆ ನಡೆದ. ಆತನಿಗೆ ಆ ರಾತ್ರಿ ತಂಗಳ ರೊಟ್ಟಿಯೇ ಸಿಕ್ಕಿತು.

ಮೂರನೆಯ ವಾರ ಮುಗಿಯುವ ಹೊತ್ತಿಗೆ ಗೌಡಸಾನಿಯ ಹೊಟ್ಟೆ ದುಂಡಗಾಯಿತು. ಈ ವಿಷಯದಲ್ಲಿ ನನ್ನ ಕಣ್ಣು ತಪ್ಪುವುದಿಲ್ಲ ಎಂದು ಇಡೀ ಓಣಿಗೆ ಗೊತ್ತು. ಶಾಲೆ ನನಗೆ ಮೂರನೇ ಇಯತ್ತೆಗೆ ಮುಗಿಯಿತು, ಆದರೆ ಹೊಟ್ಟೆ ಓದುವುದರಲ್ಲಿ ನಾನು ದೊಡ್ಡ ಪರೀಕ್ಷೆ ಪಾಸಾದವಳು. ನಡಿಗೆ ನೋಡಿ ತಿಂಗಳು ಹೇಳುತ್ತೇನೆ. ಓಣಿಯ ಅರ್ಧ ಮಕ್ಕಳಿಗೆ ಮೊದಲ ನೀರು ಎರೆದದ್ದು ಈ ಕೈ. ಅಂಥವಳು ಕನ್ನಡಕ ಏರಿಸಿ ಭರಣಿಯೊಳಗೆ ನೋಡಿದೆ. ಹೊಟ್ಟೆ ತುಂಬಿತ್ತು. ಹೊಟ್ಟೆಯ ಕೆಳಗೆ ಸಾಬುದಾಣಿಯ ನುಚ್ಚಿನಂಥ ಒಂದು ಬಿಳಿ ಚುಕ್ಕಿ ಹೊರಗೆ ಇಣುಕುತ್ತಿತ್ತು.

"ಬಸುರಿ ಅದಾಳ," ಎಂದೆ.

"ಖರೇನ ಆಯಿ?" ಹುಡುಗಿಯ ಕಣ್ಣು ಭರಣಿಯಷ್ಟು ದೊಡ್ಡವಾದವು.

"ಗಂಡ ಎಲ್ಲಿದ್ದಾನ?" ಎಂದ ನನ್ನ ಗಂಡ.

"ಅಂಗಡ್ಯಾಗ ಆಗಿ ಬಂದಾಳ. ಶಾಂತ ಅಂತ! ಅದಕ್ಕ ಅವಸರ ಮಾಡಿ ಕಳಿಸ್ಯಾನ ಆ ಅಂಗಡಿ ಮಾಲಕ," ಎಂದೆ.

ಬಸುರಿ ಮನೆಯಲ್ಲಿ ಇದ್ದಾಳೆಂದ ಮೇಲೆ ನಮ್ಮ ಕಡೆ ಕುಬಸ ಮಾಡದೆ ಇರುವುದುಂಟೆ? ಹಸಿರು ಬಳೆ ತೊಡಿಸಿ, ಹಸಿರು ಕುಬಸ ಎಂದರೆ ರವಿಕೆ ಉಡುಗೊರೆ ಕೊಟ್ಟು, ಉಡಿ ತುಂಬಿ, ಬಾಯಿ ಬೇಡಿದ್ದನ್ನು ತಿನ್ನಿಸುವುದು. ಅದಕ್ಕೂ ಮೊದಲು, ಮೂರನೆಯ ತಿಂಗಳಲ್ಲಿ ಹತ್ತಿರದವರಷ್ಟೇ ಸೇರಿ ಸದ್ದಿಲ್ಲದೆ ಮಾಡುವ ಕಳ್ಳ ಕುಬಸವೂ ಉಂಟು. ಹುಡುಗಿ ಕೇಳಿದಳು, "ಆಯಿ, ಇಕಿಗಿ ಕಳ್ಳ ಕುಬಸ ಮಾಡೂಣ?" ಅವಳು ಬಂದ ಮೇಲೆ ನನ್ನನ್ನು ಕೇಳಿದ ಮೊದಲ ಆಸೆ ಅದು. ಹುಲಿಗೆ ಮಾಡೋಣ ಎಂದಿದ್ದರೂ ನಾನು ಕೋಲು ಹಿಡಿದು ಗುಡ್ಡಕ್ಕೆ ಹೋಗುತ್ತಿದ್ದೆ.

ಬಗಲ ಮನೆಯಾಕೆಯೂ ಅವಳ ಬಸುರಿ ಸೊಸೆಯೂ ಬಂದರು, ಎದುರು ಮನೆಯ ಇಬ್ಬರು ಬಂದರು, ನಾನು ಸೇರಿ ಐವರು ಮುತ್ತೈದೆಯರು. ಭರಣಿಯ ಕೊರಳಿಗೆ ಹಸಿರು ಬಳೆಗಳ ಸರ ಕಟ್ಟಿದೆವು. ಹುಡುಗಿ ನನ್ನ ಹಳೆಯ ಹಸಿರು ಖಣದ ತುಂಡು ಸುತ್ತಿ ಭರಣಿಗೆ ಸೀರೆ ಉಡಿಸಿದಳು. ಒಳಗೆ ಗೌಡಸಾನಿ ಆರತಿಯ ದೀಪ ಕಂಡು ಅದರ ಮೇಲೂ ಜಗಳಕ್ಕೆ ಎರಗಿದಳು.

"ಯಕ್ಕಾ, ಉಡಿ ಎಲ್ಲಿ ತುಂಬೂದು? ಇಕಿಗಿ ಸೆರಗ ಇಲ್ಲಲ್ಲ!" ಎಂದಳು ಬಗಲ ಮನೆಯಾಕೆ.

"ಇಂಥ ಹೊಟ್ಟಿಬಾಕಿಗಿ ಬಾಯಿನ ಉಡಿ," ಎಂದೆ ನಾನು.

ಹಾಗೆಂದು ಒಬ್ಬೊಬ್ಬರೂ ಐದೈದು ಕಾಳು ಮೀನಿನ ಆಹಾರವನ್ನು ಭರಣಿಗೆ ಹಾಕಿದೆವು. ಉಡಿ ತುಂಬುವಾಗ ಐದಕ್ಕೆ ಕಡಿಮೆ ಹಾಕಲು ಬರುವುದಿಲ್ಲ. ಗೌಡಸಾನಿ ಒಂದನ್ನೂ ಬಿಡಲಿಲ್ಲ. ಉಗುಳಿ ಉಗುಳಿ ಮತ್ತೆ ನುಂಗಿದಳು. ಹೆಂಗಸರು ಹಾಡಿದರು, ಹುಡುಗಿ ಚಪ್ಪಾಳೆ ತಟ್ಟಿ ಹೊಟ್ಟೆ ಹಿಡಿದು ನಕ್ಕಳು. ನಾನು ಆ ದಿನ ಮುಗಿಲಿನಲ್ಲಿದ್ದೆ. ಹಾಸ್ಟೆಲಿನ ಅರ್ಜಿ ಹರಿದಂತೆಯೇ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಗೌಡಸಾನಿ ನೀರಿನ ಮೇಲೆ ಒಂದು ಮಗ್ಗುಲಾಗಿ ತೇಲುತ್ತಿದ್ದಳು. ಸತ್ತಿರಲಿಲ್ಲ. ಕಿವಿರು ಆಡುತ್ತಿತ್ತು. ಹೊಟ್ಟೆ ಮಾತ್ರ ಗೋಲಿಯಂತೆ ಉಬ್ಬಿ, ಕೆಳಗೆ ಇಳಿಯಲು ಹೋದರೆ ಬೆಂಡಿನಂತೆ ಮತ್ತೆ ಮೇಲೆ ಬರುತ್ತಿದ್ದಳು. ಹುಡುಗಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಸುಮ್ಮನೆ ಹೋಗಿ ಹಗ್ಗದ ಮೇಲಿದ್ದ ಇನ್ನೂ ಹಸಿಯಾದ ಬಟ್ಟೆಯನ್ನು ತೆಗೆದು ಬ್ಯಾಗಿನಲ್ಲಿ ಇಟ್ಟು ಜಿಪ್ಪು ಎಳೆದಳು. ಆ ಸದ್ದು ನನ್ನ ಚರ್ಮವನ್ನೇ ಎಳೆದಂತಾಯಿತು. ತಿಂಗಳು ಮುಗಿದು ಅವಳ ಅಪ್ಪ ತೀರ್ಮಾನ ಕೇಳಲು ಬರುವ ಭಾನುವಾರಕ್ಕೆ ಮೂರೇ ದಿನ ಉಳಿದಿತ್ತು.

ಆಹಾರದ ಡಬ್ಬಿಯ ಮೇಲೆ ಅಂಗಡಿಯ ಫೋನ್ ನಂಬರು ಇತ್ತು. ಹುಡುಗಿ ಒತ್ತಿಕೊಟ್ಟಳು, ನಾನು ಮಾತಾಡಿದೆ.

"ಎಷ್ಟು ಕಾಳು ಹಾಕೀರಿ ಅಮ್ಮಾ?" ಎಂದ ಅಂಗಡಿಯವ.

"ಐದ್ ಮಂದಿ, ತಲಿಗಿ ಐದು."

"ವಾರಕ್ಕೇನ್ರಿ?"

"ಒಂದ ಸಲಕ್ಕಪಾ."

"ಯಾಕ್ರೀ?"

"ಕುಬಸ ಇತ್ತು."

"ಯಾರ್ದು?"

"ಮೀನಿಂದು."

ಆತ ಫೋನು ದೂರ ಹಿಡಿದು ನಕ್ಕದ್ದು ನನಗೆ ಕೇಳಿಸಿತು. ಮನುಷ್ಯನಲ್ಲಿ ಮರ್ಯಾದೆ ಇದ್ದರೆ ಫೋನು ಕಟ್ ಮಾಡಿ ನಗಬೇಕು. ಆಮೇಲೆ ಹೇಳಿದ, "ಅಮ್ಮಾ, ಬೆಟ್ಟಾ ಬಸುರಿ ಆಗಂಗಿಲ್ರಿ. ಅದು ತತ್ತಿ ಇಡೂ ಜಾತಿ. ಹೊಟ್ಟಿ ಕೆಳಗ ಬಿಳಿ ಚುಕ್ಕಿ ಎಲ್ಲಾ ಹೆಣ್ಣಿಗೂ ಇರ್ತದ. ಅದರ ಹೊಟ್ಟಿ ಅದರ ಕಣ್ಣಿನಷ್ಟ ಇರ್ತದ್ರಿ, ದಿನಕ್ಕ ಮೂರ್ನಾಕು ಕಾಳು ಸಾಕು. ಈಗ ಮಲ ಕಟ್ಯಾದ. ಮೂರು ದಿನ ಏನೂ ಹಾಕಬ್ಯಾಡ್ರಿ, ಪೂರಾ ಉಪ್ಪಾಸ ಇಡ್ರಿ. ಉಳಿದ್ರೂ ಹದಿನೈದು ದಿನ ಭರಣಿ ಅಲುಗಾಡಿಸಬ್ಯಾಡ್ರಿ. ಬಸ್ಸು ಗಿಸ್ಸು ಹತ್ತಿಸೂದಂತೂ ಬ್ಯಾಡ."

ಇಷ್ಟು ಕೇಳಿದ ಮೇಲೆ ವಿಚಾರಿಸಿದೆವು: ಇವಳಿಗೆ ದಿನಾ ಯಾರು ಉಣ್ಣಿಸುತ್ತಿದ್ದರು? ಹುಡುಗಿ ಬೆಳಿಗ್ಗೆ ನಾಲ್ಕು ಕಾಳು ಹಾಕುತ್ತಿದ್ದಳು. ಅದು ಗೊತ್ತಿದ್ದದ್ದೇ. ನನ್ನ ಗಂಡ ತಲೆ ಕೆರೆದುಕೊಂಡು, ಚಹ ಕುಡಿಯುವಾಗ ತಾನೂ ಹಾಕುತ್ತಿದ್ದೆ ಎಂದು ಒಪ್ಪಿಕೊಂಡ. "ನನಗ ಬೆನ್ನ ತಿರುಗಿಸ್ತಾಳಲ್ಲ, ಹಂಗರೆ ನನ್ನ ಕಡಿ ನೋಡಲಿ ಅಂತ." ಇಬ್ಬರೂ ನನ್ನ ಮುಖ ನೋಡಿದರು. ನಾನೇನು ಮಾಡಲಿ? ಮಧ್ಯಾಹ್ನ ಪಾತ್ರೆ ತೊಳೆಯುವಾಗ ಆ ಮಾಯಗಾತಿ ಗಾಜಿಗೆ ಮೂತಿ ಹಚ್ಚಿ, ಮೂರು ದಿನದಿಂದ ಅನ್ನ ಕಾಣದವಳಂತೆ ನೋಡುವಳು. ನನ್ನ ಬಾಗಿಲಿಗೆ ಬಂದವರು ಹಸಿದು ಹೋದದ್ದಿಲ್ಲ. ಹೀಗೆ ಒಂದೊಂದು ಮುಖಕ್ಕೆ ಒಂದೊಂದು ನಾಟಕ ಆಡಿ, ಮೂವರನ್ನೂ ಬೇರೆ ಬೇರೆಯಾಗಿ ಯಾಮಾರಿಸಿ ದಿನಕ್ಕೆ ಮೂರು ಹೊತ್ತು ತಿಂದಿದ್ದಾಳೆ! ಬೆರಳುದ್ದದ ದೇಹದಲ್ಲಿ ಅಷ್ಟೊಂದು ಕಪಟ ಎಲ್ಲಿ ಹಿಡಿಸಿತ್ತೋ. ನಾನು ಬಸಿರೆಂದು ಓದಿದ್ದು ಅದೇ ಹೊಟ್ಟೆ. ಬಗಲ ಮನೆಯಾಕೆಯ ಮುಂದೆ ನನ್ನ ಮಾನ ಹೋಯಿತು. "ಯಕ್ಕಾ, ನನ್ನ ಸೊಸಿದಾದರೂ ಖರೇ ಅದನೋ ಇಲ್ಲೋ?" ಎಂದು ಕೇಳಿದಳು ಹೊಲಸು ಬಾಯಿಯವಳು.

ಉಪವಾಸ ಶುರುವಾಯಿತು. ನಾನು ಆಹಾರದ ಡಬ್ಬಿಯನ್ನು ಸೆರಗಿಗೆ ಗಂಟು ಹಾಕಿಕೊಂಡೆ, ಗಂಡನ ಮೇಲೆ ನನಗೆ ನಂಬಿಕೆ ಇಲ್ಲ. ಗೌಡಸಾನಿ ಮಗ್ಗುಲಾಗಿಯೇ ತೇಲುತ್ತ ಬಂದು ಗಾಜಿಗೆ ಮೂತಿ ಒತ್ತುವಳು. ಸಾಯಲು ಬಿದ್ದರೂ ಬೇಡುವುದು ಬಿಡಲಿಲ್ಲ. ಹುಡುಗಿಯೂ ತಟ್ಟೆ ಮುಂದೆ ಸರಿಸಿದಳು.

"ನೀ ಯಾಕ ಉಣ್ಣಂಗಿಲ್ಲ?"

"ಅಕಿ ಉಂಡಿಲ್ಲ."

"ಅಕಿ ನಿಂದೂ ನಂದೂ ಸೇರಿಸಿ ಒಂದು ತಿಂಗಳಿಂದು ಮೊದಲ ಉಂಡು ಕುಂತಾಳ. ಉಣ್ಣು."

ಹುಡುಗಿ ತಲೆ ಎತ್ತಲಿಲ್ಲ. "ನಿನ್ನ ಮ್ಯಾಲ ಸಿಟ್ಟಿಲ್ಲ ಆಯಿ. ಆದ್ರ ಅಕಿ ಸತ್ರ ನಾ ಈ ಮನ್ಯಾಗ ಇರಂಗಿಲ್ಲ. ಅಡಗಿಮನಿ ನೋಡಾಕ ಆಗಂಗಿಲ್ಲ ನಂಗ."

ಭರಣಿಯ ಹತ್ತಿರ ಹೋಗಿ ನಿಂತೆ. ಜೀವಮಾನದಲ್ಲಿ ಯಾರ ಮುಂದೆಯೂ ಕೈಯೊಡ್ಡದವಳು, ಒಂದು ಚಮಚದಲ್ಲಿ ಹಿಡಿಸುವ ಪ್ರಾಣಿಯ ಮುಂದೆ ನಿಂತು, "ಏ ದರಿದ್ರದಾಕಿ, ಹೇತು ಸಾಯಿ, ಇಲ್ಲಾ ಹೇತು ಬದುಕು. ಆದ್ರ ಹೇಲು," ಎಂದು ಬೇಡಿಕೊಂಡೆ. ಅವಳು ಒಂದು ಗುಳ್ಳೆ ಬಿಟ್ಟಳು. ಅಷ್ಟೇ ಉತ್ತರ.

ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ, ಶನಿವಾರ ಬೆಳಿಗ್ಗೆ, ನಾನು ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದೆ. ಒಳಗಿಂದ ಕೂಗು.

"ಆಯೀ! ಹಡದಾಳ! ಹಡದಾಳ ಆಯಿ!"

ಬಕೆಟು ಬಿಸಾಕಿ ಓಡಿದೆ. ನನ್ನ ಗಂಡ ಅರ್ಧ ಬೋಳಿಸಿದ ಗಡ್ಡದಲ್ಲಿ ಓಡಿ ಬಂದ. ಭರಣಿಯ ಹತ್ತಿರ ಮೂವರ ತಲೆ ಡಿಕ್ಕಿ ಹೊಡೆದವು. ಗೌಡಸಾನಿಯ ಹಿಂದೆ ಕಂದು ಬಣ್ಣದ ಒಂದು ಎಳೆ, ಅವಳಷ್ಟೇ ಉದ್ದದ್ದು, ತೂಗಾಡುತ್ತಿತ್ತು. ಕನ್ನಡಕ ಹಾಕಿ ನೋಡಿದೆ. ಈ ಸಲ ತಪ್ಪಲಿಲ್ಲ.

"ಕೂಸಲ್ಲವ್ವಾ, ಹೇಲು," ಎಂದೆ.

"ಹೇಲಾ?"

"ಹೇಲು! ಖರೇ ಹೇಲು!"

ಹುಡುಗಿ ನನ್ನ ಸೊಂಟ ಹಿಡಿದು ಕುಣಿದಳು. ನಾನೂ ಕುಣಿದೆ. ಮೊಣಕಾಲು ನೋವಿನ ಹೆಂಗಸು, ಮೀನು ಹೇತಿತೆಂದು ಅಡುಗೆಮನೆಯಲ್ಲಿ ಕುಣಿದೆ. ಎಳೆ ಕಳಚಿ ತಳಕ್ಕೆ ಬಿತ್ತು. ಗೌಡಸಾನಿ ನಿಧಾನ ನೆಟ್ಟಗಾದಳು, ಒಂದು ಸುತ್ತು ಹಾಕಿದಳು, ನೇರ ಬಂದು ಗಾಜಿಗೆ ಮೂತಿ ಹಚ್ಚಿದಳು. ಊಟ ಬೇಕಂತೆ! ನಾಚಿಕೆ ಎನ್ನುವುದು ಆ ಜಾತಿಯಲ್ಲಿಯೇ ಇಲ್ಲ. ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ. ಯಾಕೆಂದು ಕೇಳಿದವರಿಗೆ ನನ್ನ ಗಂಡ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೆಲವರು ಸಕ್ಕರೆ ವಾಪಸು ಕೊಟ್ಟರು.

ಮರುದಿನ ಅಳಿಯ ಬಂದ. ಅಂಗಿಯ ಜೇಬಿನಲ್ಲಿ ಮಡಚಿದ ಅರ್ಜಿ ಕಾಣುತ್ತಿತ್ತು. ಚಹ ಕೊಟ್ಟೆ.

"ಏನಂತಿಯವ್ವಾ? ಇಲ್ಲೇ ಇರ್ತಿಯೋ, ಹಾಸ್ಟೆಲಿಗಿ ಹೋಗ್ತಿಯೋ?" ಎಂದು ಮಗಳನ್ನು ಕೇಳಿದ.

"ಮೀನಿಗಿ ಬಸ್ ಹತ್ತಸಬಾರದಂತಪ್ಪಾ."

"ಹದಿನೈದು ದಿನ ಬಿಟ್ಟು ಕರಕೊಂಡು ಹೋದ್ರಾತು. ಹಾಸ್ಟೆಲಿನ್ಯಾಗ ಮೀನ ಇಡಾಕ ಬಿಡ್ತಾರೋ ಇಲ್ಲೋ ಕೇಳೂಣ."

"ಬಿಟ್ರೂ ಬ್ಯಾಡ. ಅಕಿಗಿ ಆಯಿ ಬೈಯೂದು ರೂಢಿ ಆಗ್ಯಾದ. ಬೈದ್ರನ ಮ್ಯಾಲ ಬರ್ತಾಳ," ಎಂದಳು ಹುಡುಗಿ. ಆಮೇಲೆ ನನ್ನತ್ತ ಓರೆಯಾಗಿ ನೋಡಿ, "ಮತ್ತ ನಾ ಹೋದ್ರ ಆಯಿ ಅಕಿಗಿ ಇನ್ನೊಂದು ಕುಬಸ ಮಾಡ್ತಾಳ. ನೋಡಾಕ ಒಬ್ರು ಬೇಕು. ನಾ ಇಲ್ಲೇ ಇರ್ತೀನಿ."

ಅಳಿಯ ಅರ್ಜಿ ತೆಗೆದು ಚಹದ ಕಪ್ಪಿನ ಕೆಳಗೆ ಇಟ್ಟ. ಒದ್ದೆಯಾಗಿ ಹಾಳಾಯಿತು. ನಾನು ಎದ್ದು ಅಡುಗೆಮನೆಗೆ ಹೋಗಿ ಸೆರಗಿನ ಗಂಟು ಬಿಚ್ಚಿ ಡಬ್ಬಿ ತೆಗೆದೆ. ಎರಡು ಕಾಳು, ಎರಡೇ, ಹಾಕಿದೆ. "ತಿನ್ನು ಬಿಕನಾಸಿ," ಎಂದೆ. ತಿಂದಳು. ಕೃತಜ್ಞತೆ ಇಲ್ಲ, ಏನಿಲ್ಲ. ತಿಂದು ನನಗೆ ಬೆನ್ನು ತಿರುಗಿಸಿ, ಸ್ಟೀಲಿನ ಚರಿಗೆಯಲ್ಲಿ ತನ್ನ ವೈರಿ ಬಂದಿದ್ದಾಳೋ ಎಂದು ನೋಡಲು ಹೋದಳು.

ಈಗ ಶಾಲೆ ಶುರುವಾಗಿದೆ. ಭರಣಿಯ ಕೊರಳಲ್ಲಿ ಹಸಿರು ಬಳೆ ಹಾಗೆಯೇ ಇವೆ. ತೆಗೆಯಲು ಹೋದರೆ ಹುಡುಗಿ ಬಿಡುವುದಿಲ್ಲ. ಕಾಳು ಹಾಕುವವಳು ಅವಳೊಬ್ಬಳೇ, ಡಬ್ಬಿ ಅವಳ ವಶ, ಮುತ್ಯಾನ ಕೈಗೂ ನನ್ನ ಕೈಗೂ ಸಿಗದಂತೆ ಅವಳ ಶಾಲೆಯ ಚೀಲದಲ್ಲಿ. ಬಗಲ ಮನೆಯ ಸೊಸೆಗೆ ಗಂಡು ಕೂಸು ಹುಟ್ಟಿತು, ನಾನು ಹೇಳಿದ ವಾರದಲ್ಲಿಯೇ. ಆದರೂ ಅವಳ ಅತ್ತೆ ಬಾಯಿ ಮುಚ್ಚಿಲ್ಲ. ಮೀನಿನ ಮೇಲಿನ ನನ್ನ ಅಭಿಪ್ರಾಯವೂ ಬದಲಾಗಿಲ್ಲ. ದಿನಾ ಬೆಳಿಗ್ಗೆ ಅವಳನ್ನು ಬೈದ ಮೇಲೆಯೇ ನಾನು ಒಲೆ ಹಚ್ಚುವುದು, ಹುಡುಗಿ ಹಾಸಿಗೆಯಿಂದಲೇ ನಗುವುದು.

ಕಪಾಟಿನ ಅವಳ ಅರೆ ತುಂಬಿದೆ. ಶಾಲೆಯ ಲಂಗ, ರಿಬ್ಬನ್ನು, ಪುಸ್ತಕ, ಒಂಟಿ ಕಾಲುಚೀಲ ಎಲ್ಲ ಒಂದರ ಮೇಲೊಂದು ಬಿದ್ದಿವೆ, ಮಡಚು ಎಂದರೆ ಮಡಚುವುದಿಲ್ಲ. ಆ ನೀಲಿ ಬ್ಯಾಗಿನಲ್ಲಿ ನಾನು ಉಳ್ಳಾಗಡ್ಡಿ ತುಂಬಿಟ್ಟಿದ್ದೇನೆ. ಜಿಪ್ಪು ಕಿತ್ತು ಹೋಗಿದೆ, ನಾನೇ ಕಿತ್ತೆ.